ಗಿರಣಿ ಪಾಳಿಯ ಒಡಪು

ಬೆಟಗೇರಿ ಗಿರಣಿ ಮುಂದ ಡಬ್ಬಿಗಳ ಸಾಲು,
ಕರೆಂಟ ಹೋಗೇತಿ, ನಿಂತು ನಿಂತು ನೊಂದಾವ ಕಾಲು.
ಜೋಳದ ಚೀಲದ ಮ್ಯಾಲ ಕುಂತಳು ನೀಲಗಂಗಾ:
"ಒಡಪ ಹಾಕತೀನಿ, ಒಡೀರಿ, ಮಾಡಬ್ಯಾಡ್ರಿ ದಂಗಾ!

ಗ್ವಾಡಿ ಮ್ಯಾಲ ಓಡತೈತಿ, ಕಾಲ ಜಾರೂದಿಲ್ಲ,
ಲೊಚ್ ಅಂದ್ರ ಸಾಕು, ಅಜ್ಜಿ ಊರಿಗೆ ಹೊರಡೂದಿಲ್ಲ!"
"ಹಲ್ಲಿ!" ಅಂದ ಫಕ್ಕೀರೇಶ. ಬಾಯಾಗ ಹಲ್ಲಿಲ್ಲ.

"ಹಸರ ಲಂಗ ಉಟ್ಟಾಕಿ ಕೆಂಪಾದ್ಲು ಬಿಸಲಾಗ,
ಮೈಯೆಲ್ಲಾ ನಿರಿಗಿ, ಹೆಸರಾದ್ಲು ಬ್ಯಾಡಗಿ ಪ್ಯಾಟ್ಯಾಗ,
ಮುಟ್ಟಿದ ಕೈಲೆ ಕಣ್ಣೊರಸಿದ್ರ ಅಳಬೇಕ ಆವಾಗ!"
"ಆಕ್ಷೀ!" ಅಂದ್ಲು ಶಂಕ್ರವ್ವ.
ಉತ್ತರ ಆಕಿ ಚೀಲದಾಗ.

"ಕರೀ ಗುಡ್ಡ ಕೆಸರಾಗೇತಿ, ಮ್ಯಾಲ ಬಿಳೀ ಹಕ್ಕಿ,
ಬಸ್ಸು ಹಾರ್ನ್ ಹೊಡದ್ರೂ ಏಳೂದಿಲ್ಲ, ಭಾಳ ಸೊಕ್ಕಿ!"
"ನಮ್ಮ ಎಮ್ಮಿಗೆ ಬೈಬ್ಯಾಡ!" ಅಂತ
ಸಿಟ್ಟಾದ್ಲು ಸಣ್ಣ ಬಸಕ್ಕಿ.

"ಕಡೀದು ಕೇಳ್ರಿ: ಹುಬ್ಬು ಬಿಳಿ, ಮೀಸಿ ಬಿಳಿ,
ಕಿವ್ಯಾಗಿನ ಕೂದಲಾನೂ ಬಿಳಿ,
ಸಂಜಿಗೆ ಜಳಕಾ ಮಾಡಿದ್ರ ಮತ್ತ ಹರೇದಾಂವ!
ಯಾರು? ತಿಳಿ."

ತಲಿ ಕೆರಕೊಂಡ್ವಿ. ಮುದುಕ ಅಂದ್ವಿ, ಮಂಗ್ಯಾ ಅಂದ್ವಿ. ಊಹೂಂ.

ಅಷ್ಟರಾಗ ಕರೆಂಟ ಬಂತು, ಪಟ್ಟಾ ತಿರಗಿತು ಗರಗರ,
ಹಿಟ್ಟಿನ ಮಂಜಿನ್ಯಾಗಿಂದ ದಾವಲಸಾಬ ಬಂದ ಸರಸರ.
"ಪಾಳಿ ಯಾರದ?" ಅಂದ, ಮೀಸಿ ಒರಸಿ.
ನಕ್ಕೇ ನಕ್ವಿ ನಾವು
ಬೆರಳ ತೋರಿಸಿ.