ಬಳಿಯದೆ ಬಿಟ್ಟದ್ದು

ಸೋಮವಾರ ಬೆಳಗ್ಗೆ ಕಿತ್ತು ತಂದೆ,
ಮಣ್ಣು ಕೊಡವಿ ಚಪ್ಪರದ ಮೇಜಿನ ಮೇಲಿಟ್ಟೆ.
ನೇರಳೆ ಮೈಯ ನವಿಲುಕೋಸು,
ನೆತ್ತಿಯ ತುಂಬ ಎಲೆಯ ತೋಳು ಚಾಚಿ
ಯಾರನ್ನೋ ಕೂಗಿ ಕರೆಯುವಂತೆ ಕೂತಿತ್ತು.

ಇಪ್ಪತ್ತೊಂಬತ್ತು ವರ್ಷ ಲೈಪ್‌ಜಿಗ್‌ನಲ್ಲಿ ಟ್ರಾಮು ಓಡಿಸಿದವಳು ನಾನು,
ಹಳಿ ಬಿಟ್ಟು ಗೊತ್ತಿಲ್ಲ ಈ ಕೈಗೆ.
ಕುಂಚವನ್ನೂ ಬ್ರೇಕಿನ ಹಾಗೆ ಹಿಡಿಯುತ್ತೀರಿ
ಎಂದು ನಗುತ್ತಾಳೆ ಕಲಿಸುವ ಹುಡುಗಿ ಯೆಟ್ಟೆ.
"ನೀರು ತಾನೇ ಹೋಗುತ್ತೆ ರೋಸ್ವಿಟಾ, ಬಿಡಿ."

ಬಿಟ್ಟೆ.
ನೀಲಿಯೊಳಗೆ ಕೆಂಪು ಕಾಲಿಟ್ಟಿತು,
ಕಾಗದ ಉಬ್ಬಿತು, ತಗ್ಗಿತು,
ತಗ್ಗಿನಲ್ಲಿ ನೇರಳೆ ಮಡುಗಟ್ಟಿ
ನಾನು ಬಯಸದ ಕಡೆಯೇ ಚೆಂದವಾಯಿತು.

ಬೇಲಿಯಾಚೆ ಗೆರ್ನೋಟ್ ಪೆಟ್ಸೋಲ್ಡ್,
ನಮ್ಮ ತೋಟಗಳ ಸಂಘದ ಅಳತೆಯ ಮನುಷ್ಯ.
ಬೇಲಿ ಒಂದೂಕಾಲು ಮೀಟರು, ಮೀರಿದರೆ ಕತ್ತರಿ.
ಮೂರರಲ್ಲೊಂದು ಪಾಲು ತರಕಾರಿ, ತಪ್ಪಿದರೆ ಪತ್ರ.
"ಬೆಳೆದದ್ದು ತಿನ್ನೋದಕ್ಕೆ" ಎಂದ, "ನೋಡುತ್ತ ಕೂರೋದಕ್ಕಲ್ಲ."
"ಇನ್ನೊಂದು ಪದರ ಬಾಕಿ. ಇದು ಒಣಗಬೇಕು."
"ಅದೂ ಒಣಗುತ್ತಿದೆ"
ಎಂದ, ಕೋಸಿನತ್ತ ಗಲ್ಲ ಎತ್ತಿ.

ನಿಜವೇ. ಮಂಗಳವಾರಕ್ಕೆ ಎಲೆಯ ಅಂಚು ಸೋತಿತ್ತು.
ಚಿತ್ರದಲ್ಲಿ ಬಲಗಡೆಯದು ಸೋಮವಾರದ ಎಲೆ,
ಎಡಗಡೆಯದು ಮಂಗಳವಾರದ್ದು.

ಬುಧವಾರ ಬಂದು ನೋಡಿದರೆ
ರಾತ್ರಿ ಯಾರೋ ಊಟ ಮುಗಿಸಿ ಹೋಗಿದ್ದರು.
ನಡುವಿನ ದೊಡ್ಡ ಎಲೆ, ನಾನಿನ್ನೂ ಮುಟ್ಟದ್ದು,
ತೂತು ತೂತು.
ಮೇಜಿನ ಕಾಲಿನಿಂದ ಬಣ್ಣದ ಡಬ್ಬಿಗೆ,
ಡಬ್ಬಿಯಿಂದ ಕಾಗದದ ಅಂಚಿಗೆ
ಮಿರುಗುವ ಒಂದು ಗೆರೆ,
ನನಗಿಂತ ಸಲೀಸಾಗಿ, ಒಂದೇ ಉಸಿರಲ್ಲಿ ಎಳೆದದ್ದು.
ಚಿಪ್ಪೂ ಇಲ್ಲದ ಬಸವನಹುಳು,
ಮನೆಮಠವಿಲ್ಲದ್ದು.

ಬೈದೆ. ಬೈದಾದ ಮೇಲೆ ಕೂತೆ.
ತೂತನ್ನು ಬರೆಯುವುದು ಹೇಗೆ?
ಬಿಳಿಯನ್ನು ಬಳಿಯುವಂತಿಲ್ಲ ಇಲ್ಲಿ,
ಡಬ್ಬಿಯ ಬಿಳಿಯನ್ನು ಯೆಟ್ಟೆ ಮೊದಲ ದಿನವೇ ಕಿತ್ತುಕೊಂಡಿದ್ದಾಳೆ.
ಬಿಡಬೇಕು ಅಷ್ಟೆ.
ಸುತ್ತಲೂ ಹಸಿರು ತಂದು, ಅಂಚಿನಲ್ಲಿ ತಡೆದು,
ಊರುಗೋಲಿನವಳೊಬ್ಬಳು ಹತ್ತುವ ತನಕ
ಬಾಗಿಲು ಮುಚ್ಚದೆ ಕಾಯುವ ಹಾಗೆ.
ಹನ್ನೊಂದು ತೂತು. ಮಧ್ಯಾಹ್ನ ದಾಟಿತು.

ಸಂಜೆ ಗೆರ್ನೋಟ್ ಬಂದ, ಕನ್ನಡಕ ಹಾಕಿ ಬಗ್ಗಿದ.
ಜೇಬಿನ ಟೇಪು ಕೈಗೆ ಬಂತು, ಮತ್ತೆ ಒಳಗೆ ಹೋಯಿತು.
"ಹುಳ ಎಲ್ಲಿ?"
ತೂತು ತೋರಿಸಿದೆ.
"ಅಲ್ಲೇನೂ ಇಲ್ಲವಲ್ಲ."
"ಇಲ್ಲ. ಇದ್ದದ್ದು ಅಲ್ಲೇ."

ತುಸು ಹೊತ್ತು ಸುಮ್ಮನಿದ್ದು ಹೇಳಿದ:
ರಾತ್ರಿ ಬ್ಯಾಟರಿ ಹಿಡಿದು ತಾನು ಹುಳಗಳನ್ನು ಆಯುವುದು,
ಎಣಿಸಿ ಬಕೆಟ್ಟಿಗೆ ಹಾಕುವುದು.
ಕೊಲ್ಲಲು ಮನಸ್ಸಾಗದೆ ಹೆಂಡತಿ ಅವನ್ನೆಲ್ಲ
ಬೇಲಿ ದಾಟಿಸುವುದು.
"ಯಾವ ಕಡೆಗೆ?" ಎಂದೆ.
ಅವನು ನನ್ನ ಚಿತ್ರವನ್ನೇ ನೋಡುತ್ತಿದ್ದ.

ಚಾಕು ತಂದೆ. ನೇರಳೆಯೆಲ್ಲ ಬರೀ ಸಿಪ್ಪೆ,
ಒಳಗೆ ಬಿಳಿ.
ಬಿಲ್ಲೆ ಬಿಲ್ಲೆ ಹೆಚ್ಚಿ ಉಪ್ಪು ಉದುರಿಸಿದೆ.
ಮೂರು ದಿನದ್ದು, ಕೊಂಚ ನಾರು.
ಗೆರ್ನೋಟ್ ಇನ್ನೊಂದು ಬಿಲ್ಲೆಗೆ ಕೈಚಾಚಿದ.