ಐದಕ್ಕೆ ಎಷ್ಟು

ಗ್ದಿನ್ಯಾ ಬಂದರಿನ ಕ್ರೇನಿನಲ್ಲಿ ಇಪ್ಪತ್ತೇಳು ವರ್ಷ
ಮೂವತ್ತು ಟನ್ನಿನ ಪೆಟ್ಟಿಗೆಗಳನ್ನು
ಸದ್ದಾಗದಂತೆ ಹಡಗಿನೊಳಗೆ ಇಳಿಸಿದವನು ಬೊಗುಮಿಲ್.
ಈಗ ಮೊಸರಿನ ಡಬ್ಬಿಯ ತಗಡು ಮುಚ್ಚಳ
ಜಪ್ಪಯ್ಯ ಎಂದರೂ ಬಿಡುತ್ತಿಲ್ಲ.

ಯಂತ್ರ ಉಸಿರಾಡಿಕೊಟ್ಟ ಇಪ್ಪತ್ತಮೂರು ದಿನ
ತೊಡೆಗಳು ಯಾರಿಗೂ ಹೇಳದೆ ಕರಗಿದವು.
ಜ್ವರ ಇಳಿಯಿತು, ಸೋಂಕು ಹೋಯಿತು, ಕೊಳವೆ ತೆಗೆದೆವು.
"ವಾಸಿಯಾಯಿತಲ್ಲ, ಮತ್ತೆ ಯಾಕೆ ಏಳುತ್ತಿಲ್ಲ?"
ದನೂತಾ ಕೇಳುತ್ತಾಳೆ, ಅವನ ಗಡಿಯಾರವನ್ನು
ಮಣಿಕಟ್ಟಿನಿಂದ ಮೊಣಕೈವರೆಗೆ
ಸುಮ್ಮನೆ ಜಾರಿಸುತ್ತಾ.

ನನ್ನದು ದಿನವೂ ಅದೇ ಪರೀಕ್ಷೆ:
ಭುಜ ಎತ್ತು. ತಳ್ಳು. ನನ್ನ ಬೆರಳು ಹಿಡಿ.
ಐದಕ್ಕೆ ಎಷ್ಟು ಎಂದು ಬರೆದುಕೊಳ್ಳುತ್ತೇನೆ.
ಎರಡು. ಎರಡು. ಒಂದು. ಎರಡು.
"ಶಾಲೆಯಲ್ಲೂ ಇಷ್ಟೇ ಬರುತ್ತಿತ್ತು" ಅಂದ ಒಮ್ಮೆ.

ಮೊದಲ ವಾರ ವೈದ್ಯರೇ ಕೈಯೆತ್ತಿದ್ದರು.
ಇವತ್ತು, ಗುರುವಾರ, ಅವನು ಎತ್ತಿದ.
ಬಲಗೈ. ಹಾಸಿಗೆಯಿಂದ ನಾಲ್ಕು ಬೆರಳು ಮೇಲೆ,
ಕಿಟಕಿಯಾಚೆ ಬೇರೆ ಯಾರದೋ ಕೈಯಲ್ಲಿ
ತಿರುಗುತ್ತಿದ್ದ ಕ್ರೇನಿನ ಕಡೆಗೆ:
"ಮೆಲ್ಲಗೆ ಇಳಿಸೋ, ಮುಠ್ಠಾಳ!"

ಕೈ ನಡುಗಿ ಬಿತ್ತು.
ಮೂರು ಎಂದು ಬರೆದೆ.
ಅವನು ಬೆವರಿನಲ್ಲಿ ತೊಯ್ದು, ನಾನು ಸ್ಟೂಲಿನ ಮೇಲೆ,
ಇಬ್ಬರೂ ಸುಸ್ತಾಗಿ ಕೂತೆವು.

ಮೊಸರು ದನೂತಾಳೇ ತೆರೆದಳು.