ಗಡಿಯಾರದಂಗಡಿಯಲ್ಲಿ ಇಪ್ಪತ್ತು ಲೀಟರು ನೀರು

ವಿರಾಜಪೇಟೆಯ ಗಡಿಯಾರ ಕಂಬದಿಂದ ಕೆಳಕ್ಕೆ
ನಾಲ್ಕನೆಯ ಅಂಗಡಿ ನನ್ನದು.
ಷೋಕೇಸಿನ ಗೋಡೆ ಗಡಿಯಾರಗಳನ್ನು ಇಳಿಸಿ
ಗಾಜಿನ ತೊಟ್ಟಿ ಇಟ್ಟ ದಿನ
ಎದುರು ಬೇಕರಿಯ ಹಂಝ ಕೇಳಿದ:
"ಎಂತ ಮಾರಾಯ್ತಿ, ಟೈಮು ಮಾರುವುದು ಬಿಟ್ಟೆಯಾ?"
ನಾನು ಬಿಟ್ಟಿಲ್ಲ. ಕೊಳ್ಳುವವರು ಬಿಟ್ಟಿದ್ದಾರೆ.
ಈಗ ಬರುವುದು ಸೆಲ್ಲು ಬದಲಿಸಲು,
ಬೆಲ್ಟಿಗೆ ಇನ್ನೊಂದು ತೂತು ಹೊಡೆಸಲು.

ಮೊದಲು ಮಣ್ಣು.
ಬಿಟ್ಟಂಗಾಲದ ಗದ್ದೆಯ ಕೆಸರನ್ನು
ನಾಲ್ಕು ಸಲ ತೊಳೆದು, ಒಣಗಿಸಿ, ಚಹಾ ಜರಡಿಯಲ್ಲಿ ಜಾಲಿಸಿ
ಎರಡು ಬೆರಳು ದಪ್ಪ ಹಾಸಿದೆ.
ಮೇಲೆ ಮರಳು: ಹಿಂದೆ ಎತ್ತರ, ಮುಂದೆ ತಗ್ಗು,
ನಮ್ಮೂರಲ್ಲಿ ಸಮತಟ್ಟು ಎಲ್ಲಿದೆ?
ಮರಳ ಮೇಲೊಂದು ಊಟದ ತಟ್ಟೆ ಇಟ್ಟು
ತಟ್ಟೆಯ ಮೇಲೆ ನೀರು ಹೊಯ್ದೆ, ನಿಧಾನ,
ಮುಳುಗುತ್ತಿದ್ದೇನೆಂದು ಮಣ್ಣಿಗೆ ತಿಳಿಯದ ಹಾಗೆ.

ನೆಡಲು ವಾಚಿನ ಚಿಮಟವೇ ಸಾಕಾಯಿತು.
ಕೂದಲೆಳೆಯ ಸ್ಪ್ರಿಂಗು ಎತ್ತಿದ ಬೆರಳಿಗೆ
ಬೇರಿನ ಸ್ವಭಾವ ಹೊಸತಲ್ಲ:
ಒತ್ತಿದರೆ ಮುರಿಯುತ್ತದೆ, ಬಿಟ್ಟರೆ ತೇಲುತ್ತದೆ.
ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಮೂವತ್ತೊಂದು ಕಡ್ಡಿ ನೆಟ್ಟೆ.
ಹನ್ನೆರಡು ಮೇಲೆ ಬಂದವು. ಮತ್ತೆ ನೆಟ್ಟೆ.

ಆ ಕೆಂಪು ಗಿಡದ ಕಟ್ಟಿಗೆ ಕುಶಾಲನಗರದಲ್ಲಿ
ನೂರೈವತ್ತು ಕೊಟ್ಟಿದ್ದೆ. "ರೊಟಾಲ, ಇಂಪೋರ್ಟೆಡ್ ಅಕ್ಕಾ,"
ಅಂದಿದ್ದ ಮೀನಂಗಡಿಯ ಹುಡುಗ.
ಮಗನ ವಾಚು ಹಿಡಿದು ಬಂದ ಚೋಮಿ
ಗಾಜಿಗೆ ಮೂಗು ಒತ್ತಿ ನಕ್ಕೇ ನಕ್ಕಳು:
"ಇದು ಗದ್ದೆ ಕಳೆಯಲ್ಲವಾ?
ನಾವು ಬೆನ್ನು ಬಗ್ಗಿಸಿ ಕಿತ್ತು ಬದುವಿಗೆ ಎಸೆಯುವುದು.
ಇದಕ್ಕೆ ದುಡ್ಡು ಕೊಟ್ಟೆಯಾ?"
ಮರುದಿನ ಬಾಳೆಲೆಯಲ್ಲಿ ಸುತ್ತಿ ಒಂದು ಹಿಡಿ ತಂದಳು.
ಅದೇ ಎಲೆ. ಅದೇ ಕಾಂಡದ ಕೆಂಪು.
ವಾಚಿನ ರಿಪೇರಿಗೆ ನಾನು ದುಡ್ಡು ಕೇಳಲಿಲ್ಲ,
ಅವಳು ಕೊಟ್ಟೇ ಹೋದಳು.

ಆಮೇಲೆ ಮೂರು ವಾರ ಬರೀ ನೀರು.
ಗಂಜಿತಿಳಿಯಂತೆ ಕದಡಿತು, ತಿಳಿಯಾಯಿತು.
ದಪ್ಪೆಲೆಯ ಗಿಡ ಕೊಳೆತು ಕರಗಿತು;
ಕೀಳಲಿಲ್ಲ, ಬೇರು ಇದ್ದೀತು.
ಸ್ಪಂಜಿನೊಳಗೆ ಮೊದಲು ಕಣ್ಣಿಗೆ ಕಾಣದವರ ಒಕ್ಕಲಾಗಬೇಕು,
ಹೊಲಸನ್ನು ಗೊಬ್ಬರ ಮಾಡುವವರು;
ಅವರಿಗೆ ಮುಹೂರ್ತ ಇಡುವವರಿಲ್ಲ.
ಕರೆಯದೆ ಬಂದದ್ದು ಎಳ್ಳಿನಷ್ಟು ಬಸವನಹುಳು,
ಗಾಜಿನ ಮೇಲೆ, ಗಂಟೆಮುಳ್ಳಿನ ನಡಿಗೆ.
"ಮೀನೆಲ್ಲಿ?" ಶಾಲೆ ಬಿಟ್ಟ ಮಕ್ಕಳು.
"ಬರುತ್ತದೆ."
"ಯಾವಾಗ?"
ನನ್ನ ಬೆನ್ನ ಹಿಂದೆ ಹದಿನಾಲ್ಕು ಗಡಿಯಾರ
ಹದಿನಾಲ್ಕು ಉತ್ತರ ಹೇಳಿದವು.

ಬಂದ ಕೊನೆಗೆ.
ಲೋಟದಷ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ, ನನ್ನ ಸ್ವೆಟರಿನೊಳಗೆ,
ಸಿದ್ದಾಪುರದ ತಿರುವುಗಳಲ್ಲಿ ಬಸ್ಸಿನ ಜೊತೆ ವಾಲುತ್ತ.
ನೀಲಿ ಮೈ, ಬಾಲದ ಅಂಚಿಗೆ ಹರಿದ ಕೆಂಪು.
ಇವನ ಹಿರಿಯರೂ ಗದ್ದೆಯವರಂತೆ, ದೂರದ ಸಯಾಮಿನಲ್ಲಿ.
ಗದ್ದೆ ಮಣ್ಣು, ಗದ್ದೆ ಕಳೆ, ಗದ್ದೆ ಮೀನು:
ಬತ್ತ ಒಂದು ಬಾಕಿ.
ಒಣಗಿದ ಬಾದಾಮಿ ಎಲೆ ಹಾಕಿದೆ. ನೀರು ಚಹಾ ಬಣ್ಣಕ್ಕೆ ತಿರುಗಿತು.
"ಕೊಡಗಲ್ಲಿದ್ದು ಚಹಾವಾ!" ಎಂದ ಹಂಝ.

ಒಬ್ಬನೇ ಇರಬೇಕಾದವನು. ಜೊತೆ ಕೊಟ್ಟರೆ ಕೊಲ್ಲುತ್ತಾನೆ.
ಮೊದಲ ಸಂಜೆ ಲೈಟು ಹತ್ತಿದ್ದೇ
ಗಾಜಿನಲ್ಲಿ ತನ್ನನ್ನೇ ಕಂಡು ಕಿವಿರು ಕೆದರಿ
ಅಂಗಡಿ ಮುಚ್ಚುವವರೆಗೆ ಕಾದಾಡಿದ.
ಹಳೆ ಕ್ಯಾಲೆಂಡರಿನ ಹಾಳೆ ಹಿಂಬದಿಗೆ ಅಂಟಿಸಿದೆ.
ಶತ್ರು ಹೋದ.
ಇವನು ಸ್ವಲ್ಪ ಹೊತ್ತು ಹುಡುಕಿದ.

ಡಿಸೆಂಬರಿನಲ್ಲೊಂದು ರಾತ್ರಿ ಕರೆಂಟು ಹೋಗಿ
ಹೀಟರಿನ ಕೆಂಪು ಬೊಟ್ಟು ಆರಿತು.
ಇಪ್ಪತ್ತಾರು. ಇಪ್ಪತ್ತನಾಲ್ಕು. ಇಪ್ಪತ್ತೆರಡೂವರೆ.
ತೊಟ್ಟಿಗೆ ಕಂಬಳಿ ಹೊದಿಸಿ, ಹಂಝನ ಒಲೆಯ ಬಿಸಿನೀರು
ಬಾಟಲಿಗೆ ತುಂಬಿ ತೇಲಿಬಿಟ್ಟು, ಷಟರು ಎಳೆದು
ಒಳಗೇ ಕೂತೆ.
ಕತ್ತಲಲ್ಲಿ ಗಡಿಯಾರಗಳೆಲ್ಲ ನಡೆಯುತ್ತಿದ್ದವು,
ಅವಕ್ಕೆ ಚಳಿಯಿಲ್ಲ.
ಆಗಾಗ ಕಂಬಳಿ ಸರಿಸಿ ಟಾರ್ಚು ಬಿಡುತ್ತಿದ್ದೆ:
ಎಲೆಯ ಮೇಲೆ ಒರಗಿದ್ದ, ಕಣ್ಣು ತೆರೆದೇ.

ಬೆಳಗ್ಗೆ ನೋಡಿದರೆ ಬಾದಾಮಿ ಎಲೆಯ ಅಡಿ ನೊರೆ.
ಗುಳ್ಳೆಗೆ ಗುಳ್ಳೆ ಅಂಟಿಸಿ ಕಟ್ಟಿದ ಗೂಡು,
ಅರ್ಧ ಅಂಗೈಯಷ್ಟು, ಬರುವವಳಿಲ್ಲದ ಗೂಡು.
"ಹೆಣ್ಣು ತರಬೇಕು ಕಾಣುತ್ತದೆ," ಹಂಝ ಗಲ್ಲ ಕೆರೆದ.
"ಬೇಡ," ಎಂದೆ. "ಕಟ್ಟಲಿ."
ಕರಗಿದ ಗಿಡದ ಬುಡದಲ್ಲಿ ಒಂದು ಸುರುಳಿ ಎಲೆ,
ಕಂದು, ಉಗುರಿನಷ್ಟು.

ಷಟರು ಪೂರ್ತಿ ಎತ್ತಿದೆ.
ಮೊದಲ ಗಿರಾಕಿ. ಬೆಲ್ಟಿಗೆ ತೂತು.